ರಾಜಧಾನಿಯ ನಿರ್ಣಯ ಮತ್ತು ಮನೆಯ ಬೆಲೆ: ಹೈದರಾಬಾದ್–ಅಮರಾವತಿ ಅನುಭವದ ಅಧ್ಯಯನ

ವರ್ತಕರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಆಸ್ತಿಪಟ್ಟಿಯಲ್ಲಿ ಮಳಿಗೆ, ಯಂತ್ರೋಪಕರಣ ಮತ್ತು ದಾಸ್ತಾನುಗಳಿಗೆ ಇರುವಷ್ಟೇ ಮಹತ್ವದ ಸ್ಥಾನ ಮನೆ-ನಿವೇಶನಗಳಿಗೂ ಇದೆ. ಬ್ಯಾಂಕಿನ ಕ್ಯಾಷ್ ಕ್ರೆಡಿಟ್ ಸೌಲಭ್ಯಕ್ಕೆ ಆಧಾರವಾಗುವುದು ಅನೇಕ ವೇಳೆ ಮಾಲೀಕನ ವಾಸದ ಮನೆಯೇ. ವ್ಯಾಪಾರದಲ್ಲಿ ಮಿಗಿಲಾದ ಹಣವೂ ಬಹುಮಟ್ಟಿಗೆ ಹರಿಯುವುದು ನಿವೇಶನಗಳತ್ತಲೇ. ಆದ್ದರಿಂದ ಮನೆಗಳ ಬೆಲೆಯ ಏರಿಳಿತವು ಈ ವರ್ಗಕ್ಕೆ ಕೇವಲ ಕುತೂಹಲದ ವಿಷಯವಲ್ಲ. ಅದು ನೇರವಾಗಿ ದುಡಿಯುವ ಬಂಡವಾಳಕ್ಕೆ ಸಂಬಂಧಿಸಿದ ವಿಷಯ.

ಬಡ್ಡಿಯ ದರ, ಜನರ ವರಮಾನ, ಜನಸಂಖ್ಯೆಯ ಚಲನೆ ಮುಂತಾದವು ಮನೆಯ ಬೆಲೆಯನ್ನು ನಿರ್ಧರಿಸುತ್ತವೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಇವೆಲ್ಲವುಗಳನ್ನೂ ಹಿಂದಿಕ್ಕಿ ಒಂದೇ ರಾತ್ರಿಯಲ್ಲಿ ಒಂದು ಪ್ರದೇಶದ ಬೆಲೆಗಳನ್ನು ಅಲುಗಾಡಿಸಬಲ್ಲ ಮತ್ತೊಂದು ಶಕ್ತಿಯಿದೆ: ರಾಜಕೀಯ ನಿರ್ಣಯ. ರಾಜ್ಯದ ವಿಭಜನೆ, ರಾಜಧಾನಿಯ ಸ್ಥಳಾಂತರ, ನೋಂದಣಿ ನಿಯಮದ ಬದಲಾವಣೆ ಇವೆಲ್ಲ ಈ ಬಗೆಯವು. ಇಂತಹ ನಿರ್ಣಯದಿಂದ ಹುಟ್ಟಿದ ಬೆಲೆ ಎಷ್ಟು ಗಟ್ಟಿ, ಎಷ್ಟು ಟೊಳ್ಳು ಎಂಬುದನ್ನು ಅರಿಯಲು ನೆರೆಯ ಆಂಧ್ರಪ್ರದೇಶ ಮತ್ತು ತೆಲಂಗಾಣಗಳ ಅನುಭವಕ್ಕಿಂತ ಉತ್ತಮವಾದ ಪಾಠ ಇತ್ತೀಚಿನ ಭಾರತದಲ್ಲಿ ದೊರೆಯುವುದು ಕಷ್ಟ. ಒಂದೇ ಕಾಯಿದೆಯಿಂದ ಎರಡು ಪ್ರದೇಶಗಳ ಹಣೆಬರಹ ಬದಲಾಯಿತು. ಎರಡರಲ್ಲಿಯೂ ಜನರ ಊಹೆ ಹುಸಿಯಾಯಿತು ಎಂಬುದು ಗಮನಾರ್ಹ.

ಅನಿಶ್ಚಿತತೆಯ ಐದು ವರ್ಷಗಳು

2009ರ ಡಿಸೆಂಬರ್ 9ರ ರಾತ್ರಿ, ತೆಲಂಗಾಣ ರಾಜ್ಯ ರಚನೆಯ ಪ್ರಕ್ರಿಯೆಯನ್ನು ಆರಂಭಿಸಲಾಗುವುದೆಂದು ಅಂದಿನ ಕೇಂದ್ರ ಗೃಹ ಸಚಿವ ಪಿ. ಚಿದಂಬರಂ ಪ್ರಕಟಿಸಿದರು. ಎರಡು ವಾರಗಳೊಳಗೆ, ಡಿಸೆಂಬರ್ 23ರಂದು, ಹೆಚ್ಚಿನ ಸಮಾಲೋಚನೆ ಅಗತ್ಯವೆಂಬ ಮತ್ತೊಂದು ಹೇಳಿಕೆ ಹೊರಬಿತ್ತು. 2010ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿಯ ನೇಮಕವಾಯಿತು; ಅದೇ ವರ್ಷದ ಕೊನೆಗೆ ವರದಿಯೂ ಬಂದಿತು. ಆದರೆ ನಿರ್ಣಯ ಬರಲಿಲ್ಲ. 2013ರ ಜುಲೈ 30ರಂದು ಕಾಂಗ್ರೆಸ್ ಕಾರ್ಯಕಾರಿ ಸಮಿತಿ ವಿಭಜನೆಗೆ ಒಪ್ಪಿದ ಮೇಲೆಯೇ ದಾರಿ ಸ್ಪಷ್ಟವಾದದ್ದು. ಹೊಸ ರಾಜ್ಯ ಅಸ್ತಿತ್ವಕ್ಕೆ ಬಂದದ್ದು 2014ರ ಜೂನ್ 2ರಂದು.

ಈ ನಾಲ್ಕೂವರೆ ವರ್ಷಗಳ ಕಾಲ ಹೈದರಾಬಾದಿನ ಗೃಹ ಮಾರುಕಟ್ಟೆ ಮಂದಗತಿಯಲ್ಲಿತ್ತು. ಇದೇ ಅವಧಿಯಲ್ಲಿ ಬೆಂಗಳೂರಿನ ಮಾರುಕಟ್ಟೆ ಮುಂದೆ ಸಾಗಿದ್ದರಿಂದ ಎರಡೂ ನಗರಗಳ ನಡುವಣ ಅಂತರ ಎದ್ದು ಕಾಣುತ್ತಿತ್ತು. ಇಲ್ಲಿ ಒಂದು ಸೂಕ್ಷ್ಮವಿದೆ. ರಾಜಕೀಯ ಅನಿಶ್ಚಿತತೆಯಲ್ಲಿ ಮೊದಲು ಕುಸಿಯುವುದು ಬೆಲೆಯಲ್ಲ, ವ್ಯವಹಾರಗಳ ಸಂಖ್ಯೆ. ಮನೆಯ ಒಡೆಯನು ತಾನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಲು ಸುಲಭವಾಗಿ ಒಪ್ಪುವುದಿಲ್ಲ. 'ಈಗ ಬೇಡ, ನೋಡೋಣ' ಎನ್ನುತ್ತಾನೆ. ಕೊಳ್ಳುವವನೂ ಅದನ್ನೇ ಹೇಳುತ್ತಾನೆ. ಕಾಗದದ ಮೇಲಿನ ಬೆಲೆ ಹಾಗೆಯೇ ನಿಂತಿರುತ್ತದೆ, ಆದರೆ ಆ ಬೆಲೆಗೆ ಕೊಳ್ಳುವವರಿರುವುದಿಲ್ಲ. ಧಾನ್ಯದ ಮಂಡಿಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಆವಕ ಹೆಚ್ಚಿದ ದಿನವೇ ದರ ಇಳಿಯುತ್ತದೆ. ಮನೆಯು ಕೊಳೆಯುವ ಸರಕಲ್ಲವಾದ್ದರಿಂದ ಅದರ ಬೆಲೆ ಬೇಗನೆ ಇಳಿಯುವುದಿಲ್ಲ.

ಸಿಮೆಂಟು, ಕಬ್ಬಿಣ, ಟೈಲ್ಸ್, ಬಣ್ಣ, ವಿದ್ಯುತ್ ಸಾಮಗ್ರಿ, ಪೀಠೋಪಕರಣಗಳ ವ್ಯಾಪಾರಿಗಳಿಗೆ ಈ ಭೇದ ಬಹಳ ಮುಖ್ಯ. ಅವರ ಮಾರಾಟವು ಮನೆಯ ಬೆಲೆಯನ್ನು ಅವಲಂಬಿಸಿಲ್ಲ. ಎಷ್ಟು ಮನೆಗಳು ಕಟ್ಟಲ್ಪಟ್ಟವು, ಎಷ್ಟು ಕೈ ಬದಲಾದವು ಎಂಬುದನ್ನು ಅವಲಂಬಿಸಿದೆ. ಪತ್ರಿಕೆಗಳಲ್ಲಿ ಬೆಲೆಗಳು 'ಸ್ಥಿರ' ಎಂದು ಓದಿ ಸಮಾಧಾನ ಪಡುವ ವ್ಯಾಪಾರಿಯ ಗೋದಾಮಿನಲ್ಲಿ ಸರಕು ಕದಲದೆ ಉಳಿದಿರುತ್ತದೆ.

ಅಮರಾವತಿ: ಬೆಲೆ ಮೊದಲು, ಊರು ನಂತರ

2014ರ ಆಂಧ್ರಪ್ರದೇಶ ಪುನರ್ವಿಂಗಡಣಾ ಕಾಯಿದೆಯು ಹೈದರಾಬಾದನ್ನು ಹತ್ತು ವರ್ಷಗಳಿಗೆ ಮೀರದ ಅವಧಿಗೆ ಜಂಟಿ ರಾಜಧಾನಿಯನ್ನಾಗಿ ಮಾಡಿತು. ಅನಂತರ ಆಂಧ್ರಕ್ಕೆ 'ಹೊಸ ರಾಜಧಾನಿ' ಇರತಕ್ಕದ್ದೆಂದು ವಿಧಿಸಿತು. ಆದರೆ ಆ ಊರು ಯಾವುದೆಂದು ಮೂಲ ಕಾಯಿದೆ ಹೇಳಲಿಲ್ಲ. ಮುಂದಿನ ಹತ್ತು ವರ್ಷಗಳ ಸಕಲ ಗೊಂದಲಗಳ ಬೇರು ಇರುವುದು ಈ ಮೌನದಲ್ಲಿಯೇ.

ಕೇಂದ್ರವು ನೇಮಿಸಿದ್ದ ಶಿವರಾಮಕೃಷ್ಣನ್ ಸಮಿತಿಯು 2014ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ, ವಿಜಯವಾಡ–ಗುಂಟೂರು ನಡುವಣ ಫಲವತ್ತಾದ ಕೃಷಿ ಪ್ರದೇಶದಲ್ಲಿ ಒಂದೇ ಬೃಹತ್ ರಾಜಧಾನಿಯನ್ನು ಕಟ್ಟುವುದಕ್ಕೆ ಒಲವು ತೋರಲಿಲ್ಲ. ಕೆಲವೇ ದಿನಗಳ ನಂತರ, ಸೆಪ್ಟೆಂಬರ್ 4ರಂದು, ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ವಿಧಾನಸಭೆಯಲ್ಲಿ ವಿಜಯವಾಡದ ಸುತ್ತಲಿನ ಪ್ರದೇಶವೇ ರಾಜಧಾನಿಯೆಂದು ಘೋಷಿಸಿದರು. ಒಂದು ಕಟ್ಟಡವೂ ಏಳುವ ಮೊದಲೇ ಕೃಷ್ಣಾ ನದಿಯ ದಂಡೆಯ ಗ್ರಾಮಗಳಲ್ಲಿ ಭೂಮಿಯ ಬೆಲೆ ಏರಿತು. ಬಾಳೆ, ತರಕಾರಿ ಬೆಳೆಯುತ್ತಿದ್ದ ಹೊಲಗಳ ಬದಿಯಲ್ಲಿ ಸ್ಥಿರಾಸ್ತಿ ದಲ್ಲಾಳಿಗಳ ಫಲಕಗಳು ಎದ್ದವು.

ಸರ್ಕಾರವು ಭೂಸ್ವಾಧೀನದ ಬದಲಿಗೆ ಲ್ಯಾಂಡ್ ಪೂಲಿಂಗ್ ಎಂಬ ಭೂಸಂಚಯ ಪದ್ಧತಿಯನ್ನು ಅನುಸರಿಸಿತು. ಸುಮಾರು 28 ಸಾವಿರ ರೈತರು ಸುಮಾರು 34 ಸಾವಿರ ಎಕರೆ ಭೂಮಿಯನ್ನು ನೀಡಿದರು. ಒಣಭೂಮಿಯ ಪ್ರತಿ ಎಕರೆಗೆ ಪ್ರತಿಯಾಗಿ ಅಭಿವೃದ್ಧಿಪಡಿಸಿದ 1,000 ಚದರ ಗಜ ವಾಸದ ನಿವೇಶನ ಮತ್ತು 250 ಚದರ ಗಜ ವಾಣಿಜ್ಯ ನಿವೇಶನ. ನೀರಾವರಿಯ 'ಜರೀಬು' ಭೂಮಿಗೆ 1,000 ಮತ್ತು 450 ಚದರ ಗಜ. ಇದಲ್ಲದೆ ಹತ್ತು ವರ್ಷಗಳ ಕಾಲ ವಾರ್ಷಿಕ ಪರಿಹಾರ: ಒಣಭೂಮಿಗೆ ಎಕರೆಗೆ 30,000 ರೂ., ಜರೀಬಿಗೆ 50,000 ರೂ., ಪ್ರತಿ ವರ್ಷ ಕ್ರಮವಾಗಿ 3,000 ಹಾಗೂ 5,000 ರೂ. ಏರಿಕೆಯೊಂದಿಗೆ.

ವ್ಯಾಪಾರಿಯ ದೃಷ್ಟಿಯಿಂದ ಇಲ್ಲೊಂದು ಸರಳ ಲೆಕ್ಕ ಹಾಕಬಹುದು. ಎಕರೆಗೆ 1,000 ಚದರ ಗಜದಂತೆ 34 ಸಾವಿರ ಎಕರೆಗೆ ರೈತರಿಗೆ ಮರಳಬೇಕಾದ ವಾಸದ ನಿವೇಶನ ಅಂದಾಜು 3 ಕೋಟಿ 40 ಲಕ್ಷ ಚದರ ಗಜ. 200 ಚದರ ಗಜಕ್ಕೊಂದು ಮನೆಯೆಂದರೂ 1 ಲಕ್ಷ 70 ಸಾವಿರ ಮನೆಗಳಿಗೆ ಸಾಲುವಷ್ಟು ನೆಲ. ಸರ್ಕಾರ ತಾನು ಉಳಿಸಿಕೊಳ್ಳುವ ಭೂಮಿಯನ್ನು ಇದರಲ್ಲಿ ಸೇರಿಸಿಲ್ಲ. ಸಚಿವಾಲಯದ ನೌಕರರಾದರೋ ಕೆಲವೇ ಸಾವಿರ. ಅಂದರೆ, ರಾಜಧಾನಿಯ ಘೋಷಣೆಯೊಂದರಿಂದಲೇ ಈ ನಿವೇಶನಗಳಿಗೆಲ್ಲ ನಿವಾಸಿಗಳು ಬರುವಂತಿರಲಿಲ್ಲ. ಕಾರ್ಖಾನೆ, ಕಚೇರಿ, ಆಸ್ಪತ್ರೆ, ಕಾಲೇಜುಗಳು ಲಕ್ಷಾಂತರ ಜನರನ್ನು ಕರೆತರಬೇಕಿತ್ತು. ಬೇಡಿಕೆಯ ಭರವಸೆಯನ್ನು ನೋಡಿದವರು ಅನೇಕರು; ಪೂರೈಕೆಯ ಈ ಅಂಕಿಯನ್ನು ಕೂಡಿಸಿ ನೋಡಿದವರು ಕಡಿಮೆ.

2015ರ ಅಕ್ಟೋಬರ್ 22ರಂದು ಪ್ರಧಾನಿ ನರೇಂದ್ರ ಮೋದಿ ಶಂಕುಸ್ಥಾಪನೆ ನೆರವೇರಿಸಿದರು. 2016ರಲ್ಲಿ ವೆಲಗಪೂಡಿಯಲ್ಲಿ ತಾತ್ಕಾಲಿಕ ಸಚಿವಾಲಯ ಸಿದ್ಧವಾಯಿತು. 2018ರ ಕೊನೆಗೆ ರಾಜಧಾನಿ ಪ್ರದೇಶಾಭಿವೃದ್ಧಿ ಪ್ರಾಧಿಕಾರವು 'ಹ್ಯಾಪಿ ನೆಸ್ಟ್' ಹೆಸರಿನ 1,200 ಫ್ಲ್ಯಾಟುಗಳ ಯೋಜನೆಯನ್ನು ಪ್ರಕಟಿಸಿದಾಗ ಆನ್‌ಲೈನ್ ಬುಕಿಂಗಿಗೆ ಜನ ಮುಗಿಬಿದ್ದರು. ಮಾರಾಟಗಾರನು ಖಾಸಗಿ ಬಿಲ್ಡರ್ ಅಲ್ಲ, ಸರ್ಕಾರದ ಸಂಸ್ಥೆ; ಆದ್ದರಿಂದ ಅಪಾಯವಿಲ್ಲ ಎಂಬುದು ಕೊಂಡವರ ಭಾವನೆಯಾಗಿದ್ದಿರಬೇಕು.

2019ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಜುಲೈನಲ್ಲಿ ವಿಶ್ವ ಬ್ಯಾಂಕಿನ 30 ಕೋಟಿ ಡಾಲರ್ ಸಾಲದ ಪ್ರಸ್ತಾವ ಕೈಬಿಟ್ಟಿತು. ನವೆಂಬರಿನಲ್ಲಿ ಸಿಂಗಪುರದ ಕಂಪನಿಗಳ ಒಕ್ಕೂಟದೊಂದಿಗಿನ 1,691 ಎಕರೆಯ ಯೋಜನೆ ಮುಚ್ಚಿತು. ಡಿಸೆಂಬರ್ 17ರಂದು ಮುಖ್ಯಮಂತ್ರಿ ಜಗನ್ ಮೋಹನ್ ರೆಡ್ಡಿ ಮೂರು ರಾಜಧಾನಿಗಳ ವಿಚಾರವನ್ನು ಸದನದ ಮುಂದಿಟ್ಟರು: ಆಡಳಿತಕ್ಕೆ ವಿಶಾಖಪಟ್ಟಣ, ಶಾಸಕಾಂಗಕ್ಕೆ ಅಮರಾವತಿ, ನ್ಯಾಯಾಂಗಕ್ಕೆ ಕರ್ನೂಲು. ಅಮರಾವತಿಯಲ್ಲಿ ಕೊಳ್ಳುವವರು ಇಲ್ಲದಂತಾದರು. ಹ್ಯಾಪಿ ನೆಸ್ಟ್ ಯೋಜನೆಯೂ ನಿಂತುಹೋಯಿತು. ಕೊಳ್ಳುವವರ ವಿಚಾರಣೆ ವಿಶಾಖಪಟ್ಟಣದ ಕಡೆಗೆ ಹೊರಳಿತು.

ಕರ್ನೂಲಿನ ಬಗ್ಗೆ ಒಂದು ಮಾತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಕರ್ನೂಲೇ ಅದರ ರಾಜಧಾನಿ. ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ, ಬಳ್ಳಾರಿ ಪಟ್ಟಣ ಮೈಸೂರಿಗೆ ಬಂದದ್ದೂ ಆ ದಿನವೇ. 1956ರ ನವೆಂಬರ್ 1ರಂದು ರಾಜಧಾನಿ ಹೈದರಾಬಾದಿಗೆ ಹೋಯಿತು. ಕರ್ನೂಲಿಗೆ ಆ ಪಟ್ಟ ದೊರೆತದ್ದು ಮೂರೇ ವರ್ಷ. ಅದೇ ಊರಿಗೆ 2020ರಲ್ಲಿ ಕಾಯಿದೆಯ ಮೂಲಕ ನ್ಯಾಯಾಂಗ ರಾಜಧಾನಿಯ ಭರವಸೆ ದೊರೆಯಿತು. 2021ರ ನವೆಂಬರ್ 22ರಂದು ಆ ಕಾಯಿದೆಯನ್ನು ಹಿಂದೆಗೆದುಕೊಳ್ಳುವ ನಿರ್ಣಯ ಹೊರಬಿತ್ತು. ರಾಯಚೂರು, ಬಳ್ಳಾರಿಗಳ ಗಡಿಯಾಚೆಯೇ ಇರುವ ಈ ಊರಿನ ಕಥೆ ಗಡಿನಾಡಿನ ವರ್ತಕರಿಗೆ ಅಪರಿಚಿತವೇನಲ್ಲ.

2022ರ ಮಾರ್ಚ್ 3ರಂದು ಆಂಧ್ರ ಉಚ್ಚ ನ್ಯಾಯಾಲಯವು ರೈತರ ಪರವಾಗಿ ತೀರ್ಪು ನೀಡಿ, ಅಮರಾವತಿಯನ್ನು ಅಭಿವೃದ್ಧಿಪಡಿಸುವಂತೆ ಆದೇಶಿಸಿತು. ಕಾಲಮಿತಿಯ ನಿರ್ದೇಶನಗಳಿಗೆ ಅದೇ ವರ್ಷದ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು. ರೈತರಿಗೆ ಹಕ್ಕು ದೊರೆತರೂ ನಿವೇಶನದ ಮುಂದಿನ ರಸ್ತೆ ದೊರೆಯಲಿಲ್ಲ. ರಸ್ತೆ, ನೀರು, ವಿದ್ಯುತ್ ಇಲ್ಲದ ನಿವೇಶನಕ್ಕೆ ಮಾರುಕಟ್ಟೆ ಬೆಲೆ ಕಟ್ಟುವುದಿಲ್ಲ, ನ್ಯಾಯಾಲಯದ ತೀರ್ಪು ಎಷ್ಟೇ ಅನುಕೂಲವಾಗಿದ್ದರೂ.

2024ರ ಜೂನ್‌ನಲ್ಲಿ ಮತ್ತೆ ಅಧಿಕಾರ ಬದಲಾಯಿತು. ಜುಲೈನ ಕೇಂದ್ರ ಮುಂಗಡಪತ್ರದಲ್ಲಿ 15,000 ಕೋಟಿ ರೂ. ನೆರವಿನ ವ್ಯವಸ್ಥೆಯನ್ನು ಪ್ರಕಟಿಸಲಾಯಿತು. ಡಿಸೆಂಬರಿನಲ್ಲಿ ವಿಶ್ವ ಬ್ಯಾಂಕ್ 80 ಕೋಟಿ ಡಾಲರ್, ಏಷ್ಯಾ ಅಭಿವೃದ್ಧಿ ಬ್ಯಾಂಕ್ 78.88 ಕೋಟಿ ಡಾಲರ್ ಸಾಲಗಳಿಗೆ ಒಪ್ಪಿಗೆ ನೀಡಿದವು. 2025ರ ಮೇ 2ರಂದು ಪ್ರಧಾನಿಯವರು ಕಾಮಗಾರಿಗಳಿಗೆ ಪುನಃ ಚಾಲನೆ ನೀಡಿದರು. ಬೆಲೆಗಳೂ ಚೇತರಿಸಿದವು.

ನಿರೀಕ್ಷೆಯ ಬೆಲೆಯನ್ನು ಅಳೆಯುವ ಬಗೆ

ಅಮರಾವತಿಯಲ್ಲಿ ಕೊಂಡವರು ಕೊನೆಗೆ ಗೆದ್ದರಲ್ಲವೇ ಎಂದು ಕೇಳುವವರಿದ್ದಾರೆ. ಉತ್ತರಕ್ಕಾಗಿ ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಒಂದು ಮನೆಯು ರಾಜಧಾನಿ ಬಾರದಿದ್ದರೆ 50 ಲಕ್ಷ, ಬಂದರೆ 1 ಕೋಟಿ 20 ಲಕ್ಷ ಬೆಲೆ ಬಾಳುತ್ತದೆಂದು ಭಾವಿಸೋಣ. ಘೋಷಣೆಯ ಮರುದಿನ ಅದು 90 ಲಕ್ಷಕ್ಕೆ ಮಾರಾಟವಾದರೆ, 70 ಲಕ್ಷದ ಅಂತರದಲ್ಲಿ 40 ಲಕ್ಷವನ್ನು ಕೊಂಡವನು ಮೊದಲೇ ತೆತ್ತಂತಾಯಿತು. ರಾಜಧಾನಿ ಬರುವ ಸಾಧ್ಯತೆ ನೂರಕ್ಕೆ 57ರಷ್ಟಿದೆ ಎಂದು ಆತ ಪಣ ಕಟ್ಟಿದ್ದಾನೆ. ಸಾಧ್ಯತೆ ನೂರಕ್ಕೆ 40 ಮಾತ್ರವೆಂದು ನಂಬುವವನು 78 ಲಕ್ಷಕ್ಕಿಂತ ಹೆಚ್ಚು ಕೊಡಲಾರ.

ಇನ್ನೂ ಮುಖ್ಯವಾದದ್ದು ಕಾಲ. 1 ಕೋಟಿ 20 ಲಕ್ಷ ದೊರೆಯುವುದು ಹತ್ತು ವರ್ಷಗಳ ನಂತರವಾದರೆ, ಶೇ. 10ರ ಬಡ್ಡಿಯ ಲೆಕ್ಕದಲ್ಲಿ ಅದರ ಇಂದಿನ ಮೌಲ್ಯ ಸುಮಾರು 46 ಲಕ್ಷ. ನಿರ್ಣಯ ನಿಜವಾಗಿದೆ, ಬೆಲೆಯೂ ಬಂದಿದೆ, ಆದರೂ 90 ಲಕ್ಷ ಕೊಟ್ಟವನು ಸೋತಿದ್ದಾನೆ. 2014ರ ಘೋಷಣೆಯಿಂದ 2024ರ ಪುನರಾರಂಭದವರೆಗೆ ಕಳೆದದ್ದು ಸರಿಯಾಗಿ ಹತ್ತು ವರ್ಷ. ಬಡ್ಡಿಗೆ ಹಣ ತಂದು ಕೊಂಡ ವ್ಯಾಪಾರಿ ಅಷ್ಟು ಕಾಲ ಕಾಯುವ ಸ್ಥಿತಿಯಲ್ಲಿರುವುದಿಲ್ಲ; ನಡುವೆಯೇ, ಕೆಟ್ಟ ದಿನಗಳಲ್ಲಿಯೇ, ಆತ ಮಾರಬೇಕಾಗುತ್ತದೆ.

ನಿರೀಕ್ಷೆಯನ್ನು ವಾಸ್ತವದಿಂದ ಬೇರ್ಪಡಿಸಲು ಬಾಡಿಗೆಯಂತಹ ಅಳತೆಗೋಲು ಮತ್ತೊಂದಿಲ್ಲ. ನಾಳಿನ ಆಸೆಗಾಗಿ ಯಾರೂ ಇಂದು ಹೆಚ್ಚು ಬಾಡಿಗೆ ಕೊಡುವುದಿಲ್ಲ. ಮೇಲಿನ ಮನೆಯ ಬಾಡಿಗೆ ತಿಂಗಳಿಗೆ 12,500 ರೂ. ಎಂದಾದರೆ 50 ಲಕ್ಷದ ಮೇಲೆ ವಾರ್ಷಿಕ ಪ್ರತಿಫಲ ಶೇ. 3. ಬೆಲೆ 90 ಲಕ್ಷಕ್ಕೇರಿ ಬಾಡಿಗೆ ಹಾಗೆಯೇ ಉಳಿದರೆ ಪ್ರತಿಫಲ ಶೇ. 1.7ಕ್ಕೆ ಇಳಿಯಿತು, ಏರಿಕೆಯೆಲ್ಲ ಆಸೆಯ ಬೆಲೆ ಎಂದು ತಿಳಿಯಬೇಕು. ವಿಜಯವಾಡದಲ್ಲಿ ಹೀಗಾಗಲಿಲ್ಲ. ಕಚೇರಿಗಳು ಬಂದಾಗ ನೌಕರರು ನೆಲೆಸಿದ್ದು ಶಾಲೆ, ಆಸ್ಪತ್ರೆಗಳಿದ್ದ ವಿಜಯವಾಡ, ಗುಂಟೂರು, ಮಂಗಳಗಿರಿಗಳಲ್ಲಿ. ಅಲ್ಲಿ ಬೆಲೆಯೊಡನೆ ಬಾಡಿಗೆಯೂ ಏರಿತು. ಅನೇಕ ನೌಕರರಂತೂ ಸಂಸಾರವನ್ನು ಹೈದರಾಬಾದಿನಲ್ಲಿಯೇ ಬಿಟ್ಟು, ಸರ್ಕಾರ ನೀಡಿದ ಐದು ದಿನಗಳ ವಾರದ ಅನುಕೂಲದಿಂದ ಶುಕ್ರವಾರ ಸಂಜೆಯ ರೈಲು ಹಿಡಿಯುತ್ತಿದ್ದರು. ಕಚೇರಿಯನ್ನು ಒಂದು ಆದೇಶದಿಂದ ಸಾಗಿಸಬಹುದು, ಮಕ್ಕಳ ಶಾಲೆಯನ್ನು ಸಾಗಿಸಲಾಗದು.

ಕರ್ನಾಟಕದಲ್ಲಿಯೂ ಇದನ್ನು ಹೋಲುವ ನಿದರ್ಶನವಿದೆ. 2012ರ ಅಕ್ಟೋಬರ್ 11ರಂದು ಬೆಳಗಾವಿಯ ಸುವರ್ಣ ವಿಧಾನಸೌಧವನ್ನು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಉದ್ಘಾಟಿಸಿದರು. ಚಳಿಗಾಲದ ಅಧಿವೇಶನದ ದಿನಗಳಲ್ಲಿ ಆ ಊರಿನ ವಸತಿಗೃಹಗಳು ತುಂಬಿ ತುಳುಕುತ್ತವೆ. ಆದರೆ ಹತ್ತು ದಿನದ ಅತಿಥಿ ಬಾಡಿಗೆ ಮನೆ ಹುಡುಕುವುದಿಲ್ಲ. ಮನೆಯ ಬೇಡಿಕೆಗೆ ಬೇಕಾದುದು ಕಟ್ಟಡವಲ್ಲ, ವರ್ಷವಿಡೀ ಅಲ್ಲಿಯೇ ಸಂಬಳ ಪಡೆಯುವ ಜನ.

ಹೈದರಾಬಾದ್ ಏಕೆ ಕುಸಿಯಲಿಲ್ಲ?

ವಿಭಜನೆಯಿಂದ ಹೈದರಾಬಾದಿಗೆ ನಷ್ಟವಾಗುವುದೆಂಬ ಭೀತಿ ವ್ಯಾಪಕವಾಗಿತ್ತು. ನಡೆದದ್ದು ಬೇರೆ. ಹೋದವರು ಒಂದು ಸರ್ಕಾರದ ನೌಕರರು. ಉಳಿದದ್ದು ಮಾಹಿತಿ ತಂತ್ರಜ್ಞಾನ, ಔಷಧಿ ಕೈಗಾರಿಕೆ, ವಿಮಾನ ನಿಲ್ದಾಣ, 158 ಕಿ.ಮೀ. ಹೊರವರ್ತುಲ ರಸ್ತೆ. ಅನಿಶ್ಚಿತತೆ ತೊಲಗಿದ್ದೇ ದೊಡ್ಡ ಲಾಭವಾಯಿತು. ಕೈಗಾರಿಕೆಗಳ ಅನುಮತಿಗೆ 2014ರಲ್ಲಿ ಸ್ವಯಂ ದೃಢೀಕರಣದ ಕಾಯಿದೆ ಬಂದಿತು. 2017ರ ನವೆಂಬರಿನಲ್ಲಿ ಮೆಟ್ರೊ ಓಡಿತು. 2019ರಲ್ಲಿ ಅಮೆಜಾನ್ ತನ್ನ ಬೃಹತ್ ಕಚೇರಿಯನ್ನು ತೆರೆಯಿತು. ಕೋಕಾಪೇಟೆಯಲ್ಲಿ ಸರ್ಕಾರ ನಡೆಸಿದ ಹರಾಜಿನಲ್ಲಿ 2021ರ ಜುಲೈನಲ್ಲಿ ಎಕರೆಗೆ ಸರಾಸರಿ ಸುಮಾರು 40 ಕೋಟಿ ರೂ. ದೊರೆತರೆ, 2023ರ ಆಗಸ್ಟ್‌ನಲ್ಲಿ ಸರಾಸರಿ 73 ಕೋಟಿ ದಾಟಿತು. ಒಂದು ನಿವೇಶನವಂತೂ ಎಕರೆಗೆ 100.75 ಕೋಟಿಗೆ ಹೋಯಿತು. ಹರಾಜಿನ ಗರಿಷ್ಠ ಅಂಕಿಯನ್ನು ಇಡೀ ನಗರದ ಬೆಲೆಯೆಂದು ಭಾವಿಸುವುದು ತಪ್ಪಾದರೂ ದಿಕ್ಕು ಸ್ಪಷ್ಟವಿತ್ತು.

ದೊಡ್ಡ ನಿರ್ಣಯವನ್ನು ತಾಳಿಕೊಂಡ ಈ ಮಾರುಕಟ್ಟೆ ಚಿಕ್ಕದೊಂದು ಆಡಳಿತಾತ್ಮಕ ನಿರ್ಣಯದಿಂದ ತತ್ತರಿಸಿದ್ದು ಕುತೂಹಲಕರ. 'ಧರಣಿ' ಎಂಬ ಹೊಸ ದಾಖಲೆ ವ್ಯವಸ್ಥೆಗಾಗಿ 2020ರ ಸೆಪ್ಟೆಂಬರ್ 8ರಿಂದ ತೆಲಂಗಾಣದಲ್ಲಿ ಆಸ್ತಿ ನೋಂದಣಿಯನ್ನೇ ನಿಲ್ಲಿಸಲಾಯಿತು. ಕೃಷಿಯೇತರ ಆಸ್ತಿಗಳ ನೋಂದಣಿ ಪುನರಾರಂಭವಾದದ್ದು ಡಿಸೆಂಬರ್ ಮಧ್ಯದಲ್ಲಿ. ಮೂರು ತಿಂಗಳ ಕಾಲ ಮನೆಗೆ ಬೆಲೆಯಿತ್ತು, ಮಾರುವ ದಾರಿಯಿರಲಿಲ್ಲ. ಮಗಳ ಮದುವೆಗೋ ಸಾಲ ತೀರಿಕೆಗೋ ಮನೆ ಮಾರಲು ಮುಂಗಡ ಪಡೆದಿದ್ದವರ ಪಾಡನ್ನು ಊಹಿಸಬಹುದು.

ವ್ಯವಹಾರದಲ್ಲಿ ಗಮನಿಸಬೇಕಾದ ಅಂಶಗಳು

ಮೊದಲನೆಯದು ಆಧಾರದ ಪ್ರಶ್ನೆ. ಬೆಲೆಯೇರಿದ ಕಾಲದಲ್ಲಿ ಮೌಲ್ಯಮಾಪನ ಮಾಡಿಸಿ ಸಾಲದ ಮಿತಿಯನ್ನು ಹೆಚ್ಚಿಸಿಕೊಳ್ಳುವುದು ಸುಲಭ. ಬೆಲೆ ಇಳಿದ ಮೇಲೆ ಬ್ಯಾಂಕು ಹೆಚ್ಚುವರಿ ಆಧಾರವನ್ನು ಕೇಳಬಹುದು, ಇಲ್ಲವೇ ಮಿತಿಯನ್ನು ತಗ್ಗಿಸಬಹುದು. ಆಗ ಪೆಟ್ಟು ಬೀಳುವುದು ಮನೆಗಲ್ಲ, ಅಂಗಡಿಯ ದಾಸ್ತಾನಿಗೆ. ಆದ್ದರಿಂದ ಘೋಷಣೆಯ ನಂತರದ ಬೆಲೆಯನ್ನಲ್ಲ, ಬಾಡಿಗೆಯು ಸಮರ್ಥಿಸುವ ಬೆಲೆಯನ್ನು ಲೆಕ್ಕಕ್ಕೆ ಹಿಡಿದು ಸಾಲ ಪಡೆಯುವುದು ಕ್ಷೇಮ. ಆಧಾರವಿಲ್ಲದ ಸಾಲಕ್ಕೆ ಖಾತರಿ ನೀಡುವ ಸಿ.ಜಿ.ಟಿ.ಎಂ.ಎಸ್.ಇ. ಯೋಜನೆಯ ಮಿತಿಯನ್ನು 2025ರ ಏಪ್ರಿಲ್‌ನಿಂದ 10 ಕೋಟಿ ರೂ.ಗಳಿಗೆ ಏರಿಸಲಾಗಿದೆ. ವಾಸದ ಮನೆಯನ್ನು ಒತ್ತೆಯಿಡುವ ಮುನ್ನ ಇದನ್ನು ವಿಚಾರಿಸುವುದು ಒಳಿತು.

ಎರಡನೆಯದು ಉದ್ದರಿ. ಸರ್ಕಾರದ ಕಾಮಗಾರಿ ನಿಂತಾಗ ಗುತ್ತಿಗೆದಾರನ ಬಿಲ್ಲು ನಿಲ್ಲುತ್ತದೆ, ಆತನಿಗೆ ಸರಕು ಕೊಟ್ಟವನ ಹಣವೂ ನಿಲ್ಲುತ್ತದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯಂತೆ ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಂದಾಯವಾಗಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಇದು ನೋಂದಾಯಿತ ತಯಾರಕರಿಗೂ ಸೇವಾದಾರರಿಗೂ ಅನ್ವಯಿಸುತ್ತದೆ. ಚಿಲ್ಲರೆ ಮತ್ತು ಸಗಟು ವರ್ತಕರನ್ನು 2021ರ ಜುಲೈನಲ್ಲಿ ಈ ವ್ಯಾಪ್ತಿಗೆ ಸೇರಿಸಿದ್ದು ಆದ್ಯತಾ ವಲಯದ ಸಾಲದ ಉದ್ದೇಶಕ್ಕೆ ಮಾತ್ರ. ಟೈಲ್ಸ್ ತಯಾರಿಸಿ ಪೂರೈಸಿದವನಿಗಿರುವ ರಕ್ಷಣೆ ಅದೇ ಟೈಲ್ಸನ್ನು ಕೊಂಡು ಮಾರಿದವನಿಗಿಲ್ಲ. ಈ ಭೇದವನ್ನು ಅರಿಯದೆ ನೋಂದಣಿ ಪ್ರಮಾಣಪತ್ರವನ್ನು ನೆಚ್ಚಿ ಉದ್ದರಿ ಬೆಳೆಸಿದ ವರ್ತಕರು ಕಡಿಮೆಯಿಲ್ಲ. ಹೊಸ ರಾಜಧಾನಿ, ಹೊಸ ಬಡಾವಣೆ, ಹೊಸ ವಿಮಾನ ನಿಲ್ದಾಣ ಎಂಬ ಸುದ್ದಿಯ ಬೆನ್ನಲ್ಲಿ ದೊಡ್ಡ ಬೇಡಿಕೆ ಬಂದಾಗ, ಗುತ್ತಿಗೆದಾರನಿಗೆ ಹಣ ಬರುವುದು ಮಂಜೂರಾದ ಸಾಲದಿಂದಲೋ ಬರಬಹುದಾದ ಅನುದಾನದಿಂದಲೋ ಎಂದು ಕೇಳಿಯೇ ಸರಕು ಕಳಿಸಬೇಕು.

ಮೂರನೆಯದು ತೆರಿಗೆ. ಸರ್ಕಾರದ ಮಾರ್ಗಸೂಚಿ ಬೆಲೆಯು ಮಾರುಕಟ್ಟೆಯ ಜೊತೆಜೊತೆಗೆ ನಡೆಯುವುದಿಲ್ಲ. ತೆಲಂಗಾಣದಲ್ಲಿ 2013ರ ನಂತರ ಅದು ಪರಿಷ್ಕೃತವಾದದ್ದು 2021ರ ಜುಲೈನಲ್ಲಿ. ಏರುವ ಮಾರುಕಟ್ಟೆಯಲ್ಲಿ ಈ ವಿಳಂಬ ಕೊಳ್ಳುವವನಿಗೆ ಅನುಕೂಲ. ಇಳಿಯುವ ಮಾರುಕಟ್ಟೆಯಲ್ಲಿ ಇಬ್ಬರಿಗೂ ಸಂಕಟ. ಮಾರಾಟದ ಬೆಲೆಗಿಂತ ಮಾರ್ಗಸೂಚಿ ಬೆಲೆ ಶೇ. 10ಕ್ಕೂ ಹೆಚ್ಚಾಗಿದ್ದರೆ, ಆದಾಯ ತೆರಿಗೆ ಕಾಯಿದೆಯ ಪ್ರಕಾರ ಮಾರಿದವನು ಮಾರ್ಗಸೂಚಿ ಬೆಲೆಯನ್ನೇ ಪಡೆದನೆಂದು ಭಾವಿಸಿ ಬಂಡವಾಳ ಲಾಭದ ತೆರಿಗೆಯನ್ನು ಲೆಕ್ಕ ಹಾಕಲಾಗುತ್ತದೆ. ಕೊಂಡವನಿಗೆ ವ್ಯತ್ಯಾಸದ ಮೊತ್ತ ಆದಾಯವೆನಿಸುತ್ತದೆ. ರಾಜಕೀಯ ನಿರ್ಣಯದಿಂದ ಬೆಲೆ ಕುಸಿದ ಊರಿನಲ್ಲಿ ನಷ್ಟಕ್ಕೆ ಮಾರಿ, ಬಾರದ ಹಣಕ್ಕೆ ತೆರಿಗೆ ತೆರುವ ಪ್ರಸಂಗ ಹೀಗೆ ಉಂಟಾಗಬಹುದು. ಅಂತಹ ಸಂದರ್ಭದಲ್ಲಿ, ವಾಸ್ತವ ಮೌಲ್ಯವು ಮಾರ್ಗಸೂಚಿ ಬೆಲೆಗಿಂತ ಕಡಿಮೆಯಿದೆಯೆಂದು ತೆರಿಗೆ ಅಧಿಕಾರಿಯ ಮುಂದೆ ಪ್ರತಿಪಾದಿಸಿ, ವಿಷಯವನ್ನು ಇಲಾಖೆಯ ಮೌಲ್ಯಮಾಪನ ಅಧಿಕಾರಿಗೆ ಒಪ್ಪಿಸುವಂತೆ ಕೋರಲು ಮಾರಾಟಗಾರನಿಗೆ ಅವಕಾಶವಿದೆ. ಮಾರಾಟದ ಸಮಯದಲ್ಲಿಯೇ ನೋಂದಾಯಿತ ಮೌಲ್ಯಮಾಪಕರ ವರದಿಯನ್ನೂ ನೆರೆಯ ಆಸ್ತಿಗಳ ಕ್ರಯಪತ್ರಗಳ ಪ್ರತಿಗಳನ್ನೂ ಪಡೆದಿಟ್ಟುಕೊಂಡರೆ ಈ ಕೋರಿಕೆಗೆ ಬಲ ಬರುತ್ತದೆ.